ಹಳದಿ ಸ್ಕ್ರೂ, ಕರಿ ಡಬ್ಬಿ, ಮೆತ್ತನೆ ವೈರ್: ರೋಹ್ಸ್ ಫೈಲ್ ಮಾಡಿದ ನನ್ನ ಅನುಭವ

ನಾನು ವಿಜಯಪುರದ ಕಡೆಯವನು. ಪುಣೆಯ ಭೋಸರಿ ಎಂಐಡಿಸಿಯಲ್ಲಿ ಒಂದು ಸಣ್ಣ ಕಂಪನಿಯ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಓವನ್, ಪ್ಯಾಕಿಂಗ್ ಮಷಿನ್‌ಗಳಿಗೆ ಬೇಕಾಗುವ ಟೆಂಪರೇಚರ್ ಕಂಟ್ರೋಲರ್ ಮಾಡುತ್ತೇವೆ. ಜರ್ಮನಿಯ ಗಿರಾಕಿಯೊಬ್ಬರು ಬಂದಾಗ ಬೆಲೆಗಿಂತ ಮುಂಚೆ ಕೇಳಿದ್ದು ರೋಹ್ಸ್ ಫೈಲ್, ಅಂದರೆ ಎಲೆಕ್ಟ್ರಾನಿಕ್ ಮಾಲಿನಲ್ಲಿ ವಿಷವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ರೋಹ್ಸ್ ನಿಯಮ ಪಾಲಿಸಿದ್ದೇವೆ ಅನ್ನುವ ದಾಖಲೆ. ಅದನ್ನು ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ನಮ್ಮಂಥ ಸಣ್ಣ ಕಂಪನಿಯವರಿಗೆ ಉಪಯೋಗಕ್ಕೆ ಬರಬಹುದು ಅಂತ ಹೇಗೆ ಮಾಡಿದೆ ಎಂದು ಬರೆಯುತ್ತಿದ್ದೇನೆ.

ನಿಯಮ ಚಿಕ್ಕದು. ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ ಮಿತಿ ದಾಟಬಾರದು. ಜೊತೆಗೆ ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಿರಲಿ ಎಂದು ಬೆರೆಸುವ ಬ್ರೋಮಿನ್‌ನ ಎರಡು ಗುಂಪು, ಪಿಬಿಬಿ ಮತ್ತು ಪಿಬಿಡಿಇ. ಕ್ಯಾಡ್ಮಿಯಂಗೆ ಶೇ. 0.01, ಉಳಿದ ಐದಕ್ಕೆ ಶೇ. 0.1. ಯುರೋಪಿನಲ್ಲಿ ಇದು 2006ರ ಜುಲೈ 1ರಿಂದ ಜಾರಿಯಲ್ಲಿದೆ. ಕಾರ್ಖಾನೆಯ ಕಂಟ್ರೋಲ್ ಉಪಕರಣಗಳಿಗೆ 2017ರ ಜುಲೈ 22ರಿಂದ ಬಂತು. ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ನಾಲ್ಕು ಥಾಲೇಟ್‌ಗಳನ್ನೂ ಆಮೇಲೆ ಸೇರಿಸಿದರು. ನಮ್ಮ ಬಗೆಯ ಮಾಲಿಗೆ ಅದು 2021ರ ಜುಲೈ 22ರಿಂದ. ಭಾರತದ ಇ-ತ್ಯಾಜ್ಯ ನಿಯಮದಲ್ಲೂ ಮೊದಲಿನ ಆರು ವಸ್ತು, ಅದೇ ಮಿತಿ ಇದೆ.

ಎಲ್ಲರೂ ಎಡವುವುದು ಈ ಶೇಕಡಾ ಯಾವುದರ ಮೇಲೆ ಅನ್ನುವಲ್ಲಿ. ಇಡೀ ಕಂಟ್ರೋಲರ್‌ನ ತೂಕದ ಮೇಲೆ ಅಲ್ಲ, ಇಡೀ ವೈರ್‌ನ ಮೇಲೂ ಅಲ್ಲ. ಇನ್ನು ಬಿಡಿಸಲು ಆಗದಷ್ಟು ಬಿಡಿಸಿದ ಮೇಲೆ ಉಳಿಯುವ ಒಂದೊಂದು ವಸ್ತುವಿನ ಮೇಲೆ. ವೈರ್ ಅಂದರೆ ತಾಮ್ರ ಬೇರೆ, ಅದರ ಮೇಲಿನ ತವರದ ಲೇಪ ಬೇರೆ, ಹೊದಿಕೆ ಬೇರೆ. ಎರಡು ಬಣ್ಣದ ವೈರ್ ಇದ್ದರೆ ಹೊದಿಕೆಯೂ ಎರಡು. ಅದಕ್ಕೇ ಲ್ಯಾಬ್‌ನವರು ಖರ್ಚು ಉಳಿಯುತ್ತದೆ ಸರ್, ನಾಲ್ಕು ಬಣ್ಣ ಸೇರಿಸಿ ಒಂದೇ ಟೆಸ್ಟ್ ಮಾಡೋಣ ಅಂದರೆ ನಾನು ಒಪ್ಪುವುದಿಲ್ಲ. ಕೆಂಪು ಹೊದಿಕೆಯಲ್ಲಿರುವ ಕ್ಯಾಡ್ಮಿಯಂ ಉಳಿದ ಮೂರರಲ್ಲಿ ಕರಗಿ ಮಿತಿಯೊಳಗೆ ಕಾಣಿಸಿಬಿಡುತ್ತದೆ.

ಕೇಬಲ್ ಅಂದರೆ ಸಣ್ಣ ವಿಷಯ ಅನ್ನಿಸಬಹುದು. 2001ರ ಕೊನೆಗೆ ನೆದರ್‌ಲೆಂಡ್ಸ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ಸುಮಾರು 13 ಲಕ್ಷ ಬಾಕ್ಸ್ ನಿಂತುಹೋಗಿದ್ದು ಕೇಬಲ್‌ನಲ್ಲಿದ್ದ ಕ್ಯಾಡ್ಮಿಯಂನಿಂದ. ಆಗ ರೋಹ್ಸ್ ಇನ್ನೂ ಹುಟ್ಟಿರಲಿಲ್ಲ, ಅಲ್ಲಿನ ಕ್ಯಾಡ್ಮಿಯಂ ಕಾನೂನೇ ಸಾಕಾಯಿತು.

ಎಲ್ಲವನ್ನೂ ಟೆಸ್ಟ್ ಮಾಡಿಸಲು ನಮ್ಮ ಹತ್ತಿರ ದುಡ್ಡಿಲ್ಲ. ಮಾಡಿಸುವ ಅಗತ್ಯವೂ ಇಲ್ಲ. ದೊಡ್ಡ ಕಂಪನಿಗಳ ಐಸಿ, ರೆಸಿಸ್ಟರ್, ಕೆಪ್ಯಾಸಿಟರ್‌ಗಳ ಘೋಷಣೆ ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ರೆಸಿಸ್ಟರ್‌ನ ಗಾಜಿನ ಅಂಶದಲ್ಲಿ, ಹಿತ್ತಾಳೆಯ ಟರ್ಮಿನಲ್‌ನಲ್ಲಿ ಸೀಸಕ್ಕೆ ವಿನಾಯಿತಿ ಉಂಟು. ಆ ವಿನಾಯಿತಿಯ ನಂಬರ್ ಬರೆದುಕೊಂಡು, ಅವಧಿ ಮುಗಿದಿಲ್ಲ ಅಂತ ನೋಡಿಕೊಂಡರೆ ಆಯಿತು. ದುಡ್ಡು ಹಾಕಬೇಕಾದದ್ದು ಊರಲ್ಲೇ ಮಾಡಿಸುವ ಮಾಲಿನ ಮೇಲೆ. ನನ್ನ ಪಟ್ಟಿಯಲ್ಲಿ ಮೂರು ಇದ್ದವು: ಮೇಲಿನ ಕರಿ ಡಬ್ಬಿ, ಹಳದಿ ಸ್ಕ್ರೂ, ಮೆತ್ತನೆ ವೈರ್.

ಡಬ್ಬಿಯಿಂದ ಶುರು ಮಾಡಿದೆ. ಮೋಲ್ಡಿಂಗ್‌ನವರು ಕಳಿಸಿದ ಸರ್ಟಿಫಿಕೇಟ್ ಚೆನ್ನಾಗಿಯೇ ಇತ್ತು. ಆದರೆ ಅದು ಕಪ್ಪು ಬಣ್ಣ ಬರಲು ಬೆರೆಸುವ ಮಾಸ್ಟರ್‌ಬ್ಯಾಚ್‌ನದು, ಡಬ್ಬಿಯ ಪ್ಲಾಸ್ಟಿಕ್‌ನದಲ್ಲ. ಎಕ್ಸ್‌ಆರ್‌ಎಫ್ ಗನ್, ಅಂದರೆ ಎಕ್ಸ್-ರೇ ಬಿಟ್ಟು ಮೂಲವಸ್ತು ಗುರುತಿಸುವ ಕೈಯಂತ್ರ, ಇರುವ ಲ್ಯಾಬ್‌ಗೆ ತುಂಡು ಒಯ್ದೆ. ಗನ್ ಹಿಡಿದರೆ ಅರೆ ನಿಮಿಷದಲ್ಲಿ ಯಾವ ಮೂಲವಸ್ತು ಎಷ್ಟಿದೆ ಅಂತ ಬರುತ್ತದೆ. ಬ್ರೋಮಿನ್ ಬಂತು, ಅದರ ಜೊತೆ ಆಂಟಿಮನಿಯೂ ಬಂತು. ಈ ಜೋಡಿ ಕಂಡರೆ ಎಚ್ಚರ ಆಗಬೇಕು. ಬ್ರೋಮಿನ್ ಬೆಂಕಿಯ ಸರಣಿ ಮುರಿಯುತ್ತದೆ, ಆಂಟಿಮನಿ ಆಕ್ಸೈಡ್ ಅದರ ಬಲ ಹೆಚ್ಚಿಸುತ್ತದೆ. ಹಳೆ ಟಿವಿಯ ಹಿಂಬದಿ, ಹಳೆ ಮಾನಿಟರ್‌ನ ಕವಚದಲ್ಲಿ ಇದೇ ಜೋಡಿ ಇರುತ್ತಿತ್ತು. ಆ ಗುಜರಿ ಪ್ಲಾಸ್ಟಿಕ್ ಪುಡಿಯಾಗಿ, ಕಾಳಾಗಿ ಹೊಸ ಡಬ್ಬಿಯೊಳಗೆ ತಿರುಗಿ ಬರುತ್ತದೆ. ಎಷ್ಟು ಬಣ್ಣದ ಗುಜರಿ ಬೆರೆಸಿದರೂ ಕಪ್ಪು ಎಲ್ಲವನ್ನೂ ಮುಚ್ಚುತ್ತದೆ, ಅಲ್ವಾ?

ಆದರೆ ಗನ್ ಹೇಳುವುದು ಒಟ್ಟು ಬ್ರೋಮಿನ್ ಮಾತ್ರ. ಯಾವ ರೂಪದ ಬ್ರೋಮಿನ್ ಅಂತ ಹೇಳುವುದಿಲ್ಲ. ಅದಕ್ಕೆ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಟೆಸ್ಟ್ ಬೇಕು. ಕಳಿಸಿದೆವು. ಪಿಬಿಡಿಇ ಗುಂಪಿನ ಡೆಕಾ-ಬಿಡಿಇ ಮಿತಿ ದಾಟಿತ್ತು.

ಬ್ರೋಮಿನ್‌ನ ಈ ಎರಡು ಗುಂಪುಗಳ ಮೇಲೆ ಇಷ್ಟು ಸಿಟ್ಟು ಯಾಕೆ ಅಂತ ನಮ್ಮ ಮಾಲೀಕರು ಕೇಳಿದರು. ಅವರಿಗೆ ಮಿಷಿಗನ್ ಕತೆ ಹೇಳಿದೆ. 1973ರಲ್ಲಿ ಅಮೆರಿಕದ ಆ ರಾಜ್ಯದಲ್ಲಿ ದನದ ಮೇವಿಗೆ ಹಾಕುವ ಮೆಗ್ನೀಸಿಯಂ ಆಕ್ಸೈಡ್ ಬದಲು ಪಿಬಿಬಿ ಚೀಲಗಳು ಹೋದವು. ಮೇವಿನದರ ಹೆಸರು ನ್ಯೂಟ್ರಿಮಾಸ್ಟರ್, ಪಿಬಿಬಿಯದು ಫೈರ್‌ಮಾಸ್ಟರ್. ಹಾಲು, ಮಾಂಸ, ಮೊಟ್ಟೆಯ ಮೂಲಕ ಅದು ಜನರ ಮೈ ಸೇರಿತು. ಸಾವಿರಗಟ್ಟಲೆ ದನ ಕೊಲ್ಲಬೇಕಾಯಿತು. ಇವು ಕೊಬ್ಬಿನಲ್ಲಿ ಕೂತರೆ ಬೇಗ ಹೋಗುವುದಿಲ್ಲ. ಡೆಕಾ-ಬಿಡಿಇಯನ್ನು 2017ರಲ್ಲಿ ಬೇಗ ನಾಶವಾಗದ ವಿಷಗಳ ಮೇಲಿನ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿಸಿದರು. ಮಾಲೀಕರು ಆಮೇಲೆ ಖರ್ಚಿನ ಬಗ್ಗೆ ಮಾತಾಡಲಿಲ್ಲ.

ಹೊಸ ಡಬ್ಬಿಗೆ ರಂಜಕ ಆಧಾರದ ಅಗ್ನಿನಿರೋಧಕ ಇರುವ ಪಿಸಿ-ಎಬಿಎಸ್ ಪ್ಲಾಸ್ಟಿಕ್ ಆರಿಸಿದೆವು. ಕಾಳುಗಳನ್ನು ಸರಿಯಾಗಿ ಒಣಗಿಸದಿದ್ದರೆ ಡಬ್ಬಿಯ ಮೇಲೆ ಬೆಳ್ಳಿ ಗೆರೆ ಬರುತ್ತವೆ, ಮಳೆಗಾಲದಲ್ಲಂತೂ ಜಾಸ್ತಿ. ಇನ್ನೊಂದು ವಿಷಯ ಗಮನಿಸಿ. ಬೆಂಕಿ ತಾನೇ ಆರುವ ಪ್ಲಾಸ್ಟಿಕ್‌ಗೆ ಕೊಡುವ ಯುಎಲ್ 94 ವಿ-0 ದರ್ಜೆ ಅಂತ ಸುಮ್ನೆ ಬರೆದರೆ ಸಾಲದು. ಆ ದರ್ಜೆ ಯಾವ ದಪ್ಪಕ್ಕೆ ಸಿಕ್ಕಿದೆ ಅಂತ ಯುಎಲ್ ಕೊಡುವ ಯಲ್ಲೋ ಕಾರ್ಡ್ ಅನ್ನುವ ದಾಖಲೆಯಲ್ಲಿ ನೋಡಬೇಕು. ನಿಮ್ಮ ಡಬ್ಬಿಯ ಗೋಡೆ ಅದಕ್ಕಿಂತ ತೆಳ್ಳಗಿದ್ದರೆ ಆ ದರ್ಜೆ ನಿಮಗೆ ಸಲ್ಲುವುದಿಲ್ಲ. ವಿಷ ತೆಗೆಯಲು ಹೋಗಿ ಬೆಂಕಿ ತಂದುಕೊಳ್ಳಬಾರದು.

ಸರ್ಕ್ಯೂಟ್ ಬೋರ್ಡ್‌ನ ಮೇಲೆ ಗನ್ ಹಿಡಿದಾಗ ಬ್ರೋಮಿನ್ ಇನ್ನೂ ಜೋರಾಗಿ ಬಂತು. ನಮ್ಮ ಹೊಸ ಹುಡುಗ ಹೆದರಿದ. ಅದಕ್ಕೆ ಹೆದರಬೇಕಾಗಿಲ್ಲ. ಗಾಜಿನ ನೂಲು, ಎಪಾಕ್ಸಿಯಿಂದ ಮಾಡಿದ ಎಫ್‌ಆರ್-4 ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಟಿಬಿಬಿಪಿಎ ಅನ್ನುವ ಬೇರೆ ಬ್ರೋಮಿನ್ ರಾಸಾಯನಿಕ. ಅದು ಎಪಾಕ್ಸಿಯ ಜೊತೆಗೇ ರಾಸಾಯನಿಕವಾಗಿ ಕೂಡಿಕೊಂಡಿರುತ್ತದೆ, ರೋಹ್ಸ್ ಪಟ್ಟಿಯಲ್ಲಿಲ್ಲ. ಗಿರಾಕಿ ಹ್ಯಾಲೋಜನ್ ಫ್ರೀ, ಅಂದರೆ ಬ್ರೋಮಿನ್, ಕ್ಲೋರಿನ್ ಇಲ್ಲದ್ದು ಅಂತ ಕೇಳಿದರೆ ಮಾತು ಬೇರೆ. ಅದು ರೋಹ್ಸ್‌ಗಿಂತ ಬೇರೆ ಬೇಡಿಕೆ, ಬೆಲೆಯೂ ಬೇರೆ.

ಸ್ಕ್ರೂ ಕಡೆ ಬರೋಣ. ಅದರ ಹಳದಿ ಬಣ್ಣ ತುಕ್ಕು ತಡೆಯಲು ಹಾಕುವ ಹೆಕ್ಸಾವೇಲೆಂಟ್ ಕ್ರೋಮಿಯಂ ಪದರದ್ದು. ಪ್ಲೇಟಿಂಗ್ ಮಾಡಿಕೊಡುವವರು ಕಲಬುರಗಿ ಕಡೆಯವರು, ಇಲ್ಲಿಗೆ ಬಂದು ಬಹಳ ವರ್ಷ ಆಗಿದೆ. ಹಳದಿ ಬಿಡಿ ಅಂದ ಕೂಡಲೇ ಶುರುವಾಯಿತು.

"ಏನ್ರೀ ಸರ, ಇಷ್ಟ ವರ್ಷ ಇದ ಹಳದಿನ ಹೊಡಿತೀವಿ. ಬಿಳಿ ಮಾಡಿದ್ರ ನಾಳೆ ತುಕ್ಕ ಬಂತಂತ ನೀವ ಫೋನ್ ಮಾಡ್ತೀರಿ."

"ಬಿಳಿ ಮಾಡ್ರಿ ಅಂತ ನಾ ಹೇಳಿಲ್ಲಣ್ಣಾ. ಟ್ರೈವೇಲೆಂಟ್ ಮಾಡ್ರಿ, ಮ್ಯಾಲ ಸೀಲರ್ ಹಾಕ್ರಿ."

ಅವರ ಮಾತಿನಲ್ಲೂ ಸತ್ಯ ಇತ್ತು. ಹೆಕ್ಸಾವೇಲೆಂಟ್ ಪದರಕ್ಕೆ ಗೀರು ಬಿದ್ದರೆ ತಾನೇ ಮುಚ್ಚಿಕೊಳ್ಳುವ ಗುಣ ಇದೆ. ರೋಹ್ಸ್ ಪಟ್ಟಿಯಲ್ಲಿಲ್ಲದ ಕ್ರೋಮಿಯಂ ರೂಪವಾದ ಟ್ರೈವೇಲೆಂಟ್‌ಗೆ ಅದು ಅಷ್ಟಿಲ್ಲ, ಅದಕ್ಕೇ ಮೇಲೆ ಸೀಲರ್ ಅನ್ನುವ ಇನ್ನೊಂದು ಲೇಪ. ಮೊದಲು ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವ ಸಾಲ್ಟ್ ಸ್ಪ್ರೇ ಟೆಸ್ಟ್ ಮಾಡಿಸಿ ರಿಪೋರ್ಟ್ ಕೈಗೆ ಕೊಟ್ಟೆ. ಆಮೇಲೆ ಒಪ್ಪಿದರು. ಟ್ಯಾಂಕ್ ಬೇರೆ, ತೊಳೆಯುವ ನೀರೂ ಬೇರೆ ಇರಬೇಕು ಅನ್ನುವುದು ನನ್ನ ಷರತ್ತು. ಇನ್ನು, ಹಳದಿ ಎಲ್ಲವೂ ಕೆಟ್ಟದ್ದಲ್ಲ, ಟ್ರೈವೇಲೆಂಟ್‌ಗೂ ಹಳದಿ ಬಣ್ಣ ಹಾಕುತ್ತಾರೆ. ಗನ್‌ಗೆ ಎರಡು ಕ್ರೋಮಿಯಂಗಳ ವ್ಯತ್ಯಾಸ ತಿಳಿಯುವುದಿಲ್ಲ. ಸ್ಕ್ರೂಗಳನ್ನು ನೀರಲ್ಲಿ ಕುದಿಸಿ ಡೈಫಿನೈಲ್ ಕಾರ್ಬಜೈಡ್ ಹಾಕಿದರೆ, ಹೆಕ್ಸಾವೇಲೆಂಟ್ ಇದ್ದಲ್ಲಿ ನೀರು ಗುಲಾಬಿ-ನೇರಳೆಗೆ ತಿರುಗುತ್ತದೆ.

ವೈರ್‌ನಲ್ಲಿ ಗನ್ ಅರ್ಧ ಕೆಲಸ ಮಾಡುತ್ತದೆ. ಅಗ್ಗದ ಪಿವಿಸಿಗೆ ಹಾಕುವ ಸೀಸದ ಸ್ಟೆಬಿಲೈಸರ್ ಕಾಣುತ್ತದೆ. ಥಾಲೇಟ್ ಕಾಣುವುದಿಲ್ಲ, ಅದರಲ್ಲಿರುವುದು ಬರೀ ಇಂಗಾಲ, ಜಲಜನಕ, ಆಮ್ಲಜನಕ. ಲ್ಯಾಬ್‌ಗೆ ಕಳಿಸಲೇಬೇಕು. ಥಾಲೇಟ್‌ಗೆ ಒಂದು ಕೆಟ್ಟ ಚಾಳಿ ಇದೆ, ತಾಗಿಕೊಂಡಿರುವ ಬೇರೆ ಪ್ಲಾಸ್ಟಿಕ್‌ಗೂ ಹರಡುತ್ತದೆ. ಹಳೆ ವೈರ್‌ನ ಸುರುಳಿಗಳನ್ನು ಸ್ಟೋರ್‌ನ ಇನ್ನೊಂದು ಕೋಣೆಗೆ ಹಾಕಿಸಿದ್ದು ಅದಕ್ಕೇ. ಬುಧವಾರ ಪೇಟೆಯ ತಪಕೀರ್ ಗಲ್ಲಿಯಿಂದ ಮೀಟರ್ ಲೆಕ್ಕದಲ್ಲಿ ತಂದ ವೈರ್ ಈಗ ಡೆವಲಪ್‌ಮೆಂಟ್ ಬೆಂಚ್‌ಗೆ ಮಾತ್ರ. ಬಿಡಿಯಾಗಿ ಕೊಂಡದ್ದಕ್ಕೆ ಬ್ಯಾಚ್ ನಂಬರ್ ಇರುವುದಿಲ್ಲ, ನಂಬರ್ ಇಲ್ಲದಿದ್ದರೆ ಫೈಲ್‌ಗೆ ಏನು ಬರೆಯುವುದು?

ಬೆಸುಗೆಯ ಕಡೆ ಕೆಲಸ ಕಡಿಮೆ. ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ, ಸೀಸವಿಲ್ಲದ್ದು 217ರ ಸುಮಾರಿಗೆ. ರಿಪೇರಿ ಬೆಂಚ್‌ನ ಐರನ್ ಬಿಟ್, ತಂತಿ, ಸ್ಪಂಜ್ ಎಲ್ಲ ಬೇರೆ ಮಾಡಿದೆವು.

ಫೈಲ್‌ಗೆ ಈಗ ರೋಹ್ಸ್ ದಾಖಲೆ ಹೇಗಿರಬೇಕು ಅಂತ ಹೇಳುವ ಇಎನ್ ಐಇಸಿ 63000 ಮಾನದಂಡದ ಪ್ರಕಾರ ಕಾಗದ ಜೋಡಿಸುತ್ತೇವೆ. ಮಾಲು ಮಾರುಕಟ್ಟೆಗೆ ಹೋದ ಮೇಲೆ 10 ವರ್ಷ ಅದನ್ನು ಇಟ್ಟುಕೊಂಡಿರಬೇಕು. ಕಾಳು, ಬಣ್ಣ, ಪ್ಲೇಟಿಂಗ್ ದ್ರಾವಣ ಯಾವುದು ಬದಲಾದರೂ ಮೊದಲೇ ತಿಳಿಸಬೇಕು ಅಂತ ಪರ್ಚೇಸ್ ಆರ್ಡರ್‌ನಲ್ಲೇ ಒಂದು ಸಾಲು ಸೇರಿಸಿದ್ದೇನೆ. ಹಾಗೆ ಬದಲಾದ ಮೇಲಿನ ಮೊದಲ ಬ್ಯಾಚ್‌ನ ಟೆಸ್ಟ್ ಖರ್ಚು ಯಾರದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಸದ್ಯ ಅರ್ಧ ಅವರು, ಅರ್ಧ ನಾವು.