ಹಳೆಯ ಬೇಸ್‌ಬಾಲ್ ಕಾರ್ಡ್ ಸಂಗ್ರಹ: ಒಬ್ಬ ಆಟಗಾರನಿಂದ ಶುರು ಮಾಡಿ

ಬೇಸ್‌ಬಾಲ್ ಕಾರ್ಡ್ ಎಂದರೆ ಆಟಗಾರನ ಚಿತ್ರ ಅಚ್ಚಾದ ಪುಟ್ಟ ರಟ್ಟು. ಟಾಪ್ಸ್ ಕಂಪನಿಯ 1952ರ ಸೆಟ್‌ನ 311ನೇ ಕಾರ್ಡ್, ಆಟಗಾರ ಮಿಕ್ಕಿ ಮ್ಯಾಂಟಲ್ ಅವರದ್ದು, 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು. ಇಂಥ ಸುದ್ದಿ ಓದಿ ಹವ್ಯಾಸಕ್ಕೆ ಇಳಿದವರು ಮೊದಲ ದಿನವೇ ಅಂಥದ್ದರ ಹಿಂದೆ ಬೀಳುತ್ತಾರೆ. ನಕಲಿ, ಅಂಚು ಕತ್ತರಿಸಿದ್ದು, ಬಣ್ಣ ಹಚ್ಚಿದ್ದು ಎದುರಾಗುವುದೂ ಅಲ್ಲೇ. ಕೈ ಪಳಗಲು ಬೇರೆ ದಾರಿಯಿದೆ: ಒಬ್ಬ ಆಟಗಾರನನ್ನು ಆರಿಸಿ, ಅವರ ವರ್ಷವರ್ಷದ ಕಾರ್ಡ್‌ಗಳನ್ನು ಹೊಸತರಿಂದ ಹಳತಿನತ್ತ ಕೂಡಿಸುತ್ತಾ ಹೋಗುವುದು.

ಇದಕ್ಕೆ ರಾಬರ್ಟೊ ಕ್ಲೆಮೆಂಟೆ ಹೇಳಿ ಮಾಡಿಸಿದ ಹೆಸರು. ಪೋರ್ಟೊ ರಿಕೊದಿಂದ ಬಂದ ಅವರು 18 ಋತುಗಳನ್ನೂ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೇ ಆಡಿ, ಸರಿಯಾಗಿ 3000 ಹಿಟ್ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ಸೇರಿದ ಲೆಕ್ಕ) ಗಳಿಸಿದರು. ಭೂಕಂಪವಾಗಿದ್ದ ನಿಕರಾಗುವಾಗೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದಾಗ, 1972ರ ಡಿಸೆಂಬರ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟಾಪ್ಸ್ ಕಂಪನಿ 1955ರಿಂದ 1973ರವರೆಗೆ ಪ್ರತಿವರ್ಷವೂ ಅವರ ಕಾರ್ಡ್ ತಂದಿದೆ. ಕೊನೆಯದು, 1973ರ 50ನೇ ಸಂಖ್ಯೆಯದು, ಅವರ ಸಾವಿನ ನಂತರ ಮಾರುಕಟ್ಟೆಗೆ ಬಂತು. ಆಟದ ನಡುವಿನ ಚಿತ್ರ, ಅಂಕಿಅಂಶಗಳಲ್ಲಿ ಮುಂದಿದ್ದವರ ಪಟ್ಟಿ ಇತ್ಯಾದಿ ಕಾರ್ಡ್‌ಗಳನ್ನು ಬಿಟ್ಟರೆ ಒಟ್ಟು 19 ಮುಖ್ಯ ಕಾರ್ಡ್‌ಗಳು. ಮೊದಲು 1972, 1973ರವನ್ನು ಕೊಳ್ಳಿ. ಮೊದಲ ಕಾರ್ಡ್, ಅಂದರೆ 1955ರ 164ನೇದು, ಎಲ್ಲಕ್ಕಿಂತ ದುಬಾರಿ. ಅದು ಕೊನೆಗಿರಲಿ.

ಹುಡುಕುವಾಗ ಒಂದು ಸಂಗತಿ ನೆನಪಿಡಿ. 1957ರಿಂದ 1969ರವರೆಗಿನ ಕಾರ್ಡ್‌ಗಳ ಮೇಲೆ ಅವರ ಹೆಸರು ‘ಬಾಬ್ ಕ್ಲೆಮೆಂಟೆ’ ಎಂದೇ ಅಚ್ಚಾಗಿದೆ. ರಾಬರ್ಟೊ ಎಂದಷ್ಟೇ ಟೈಪ್ ಮಾಡಿದರೆ ಎಷ್ಟೋ ಒಳ್ಳೆಯ ಕಾರ್ಡ್ ಕಣ್ಣಿಗೇ ಬೀಳುವುದಿಲ್ಲ. ಇನ್ನು ಬೆಲೆ: ಮಾರುವವರು ಕೇಳುವ ಮೊತ್ತ ನೋಡಬೇಡಿ, ಈಬೇಯಲ್ಲಿ ‘ಮಾರಾಟವಾದವು’ ಎಂಬ ಫಿಲ್ಟರ್ ಹಾಕಿ, ಅದೇ ಸ್ಥಿತಿಯ ನಾಲ್ಕೈದು ಕಾರ್ಡ್ ನಿಜಕ್ಕೂ ಎಷ್ಟಕ್ಕೆ ಹೋದವು ನೋಡಿ. ಎಲ್ಲ ವರ್ಷಕ್ಕೂ ಒಂದೇ ಲೆಕ್ಕ ಹಿಡಿಯಲಾಗದು. 1973ರವರೆಗೆ ಟಾಪ್ಸ್ ಒಂದು ಸೆಟ್ಟನ್ನು ಕಂತುಕಂತಾಗಿ ಬಿಡುತ್ತಿತ್ತು. ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಮಕ್ಕಳ ಮನಸ್ಸು ಫುಟ್‌ಬಾಲ್‌ನತ್ತ ಹೊರಳಿರುತ್ತಿತ್ತು, ಅಂಗಡಿಯವರೂ ಕಡಿಮೆ ತರಿಸುತ್ತಿದ್ದರು. ಆದ್ದರಿಂದಲೇ 1963ರ 540ನೇ ಕ್ಲೆಮೆಂಟೆ ಕಾರ್ಡ್, ಹಿಂದಿನ ವರ್ಷದ 10ನೇ ಕಾರ್ಡ್‌ಗಿಂತ ತುಟ್ಟಿ.

ಕಾರ್ಡ್ ಕೈಗೆ ಬಂದಾಗ

ಬೇಕಾದ ಸಾಮಾನು ಮೂರೇ: ಮಿಲಿಮೀಟರ್ ಸ್ಕೇಲ್, 10ರಿಂದ 30 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಓರೆಯಾಗಿ ಹಿಡಿಯಲು ಒಂದು ಪುಟ್ಟ ಟಾರ್ಚ್.

ಮೊದಲು ಅಳೆಯಿರಿ. 1957ರಿಂದೀಚೆಗಿನ ಟಾಪ್ಸ್ ಕಾರ್ಡ್ 64 × 89 ಮಿ.ಮೀ. ಇರಬೇಕು. 1952ರಿಂದ 1956ರವರೆಗಿನವು ದೊಡ್ಡವು, ಸುಮಾರು 67 × 95. ಟಾಪ್ಸ್ ಕಂಪನಿಯೇ 1983ರಲ್ಲಿ 1952ರ ಸೆಟ್ಟನ್ನು ಮರುಮುದ್ರಿಸಿದಾಗ ಈಗಿನ ಚಿಕ್ಕ ಅಳತೆ ಬಳಸಿತು. ಸ್ಕೇಲ್ ಇಟ್ಟರೆ ಸಾಕು, ಗುಟ್ಟು ರಟ್ಟು. ಅರ್ಧ ಮಿಲಿಮೀಟರ್ ವ್ಯತ್ಯಾಸ ಕಾರ್ಖಾನೆಯ ಕತ್ತರಿಯದ್ದೂ ಇರಬಹುದು. ಕಾರ್ಡ್ ಅದಕ್ಕಿಂತಲೂ ಹೆಚ್ಚು ಕಿರಿದಾಗಿದ್ದು, ಮೂರು ಅಂಚು ಸವೆದು ನಾಲ್ಕನೆಯದು ಮಾತ್ರ ಹೊಚ್ಚಹೊಸದಾಗಿ ಬಿಳುಪಾಗಿ ಚೂಪಾಗಿದ್ದರೆ ಯಾರೋ ಮೂಲೆ ಸರಿಪಡಿಸಲು ಬ್ಲೇಡ್ ಆಡಿಸಿದ್ದಾರೆ. ಅದೇ ವರ್ಷದ ಅಗ್ಗದ ಕಾರ್ಡೊಂದನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಇಲ್ಲಿ ಸ್ಕೇಲ್‌ಗಿಂತ ನಂಬಿಕಸ್ಥ. ಹೀಗಾಗಿ ಪ್ರತಿ ವರ್ಷದ್ದೂ ಹೆಸರಿಲ್ಲದ ಆಟಗಾರನ ಒಂದೊಂದು ಕಾರ್ಡ್ ಇಟ್ಟುಕೊಳ್ಳಿ.

ಆಮೇಲೆ ಭೂತಗನ್ನಡಿ. ಅಸಲಿಯಲ್ಲಿ ಚಿತ್ರ ಮಾತ್ರ ಬಣ್ಣದ ಚುಕ್ಕಿಗಳಿಂದ ಆಗಿರುತ್ತದೆ; ಕಪ್ಪು ಅಕ್ಷರ, ಅಚ್ಚಿನ ಸಹಿ ಇವು ತುಂಬು ಶಾಯಿಯ ಗೆರೆಗಳು. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿಯಲ್ಲಿ ಅಕ್ಷರವೂ ಚುಕ್ಕಿಚುಕ್ಕಿಯಾಗಿ ಒಡೆದು ಕಾಣುತ್ತದೆ. ಹಿಂಬದಿ ತಿರುಗಿಸಿ: ಹಳೆಯ ರಟ್ಟು ಬೂದು ಅಥವಾ ಕಂದು ಛಾಯೆಯದು, ಹೊಳಪಿಲ್ಲದ್ದು. ಬೆಳ್ಳಗೆ ನುಣ್ಣಗಿದ್ದರೆ ಅನುಮಾನಿಸಿ.

1971ರ ಕಾರ್ಡ್‌ಗೆ ಕಪ್ಪು ಚೌಕಟ್ಟು. ಅದರ ಅಂಚು ಬಹಳ ಬೇಗ ಸಿಪ್ಪೆಯೇಳುತ್ತದೆ, ಅದನ್ನು ಮಾರ್ಕರ್‌ನಿಂದ ಮುಚ್ಚುವವರಿದ್ದಾರೆ. ಕಾರ್ಡನ್ನು ಅಡ್ಡಲಾಗಿ ಹಿಡಿದು ದಪ್ಪದ ಭಾಗವನ್ನು ನೋಡಿ. ರಟ್ಟಿನೊಳಗೆ ಕಪ್ಪು ಇಳಿದಿದ್ದರೆ ಅದು ಮಾರ್ಕರ್. ಟಾರ್ಚನ್ನು ಓರೆಯಾಗಿ ಬಿಟ್ಟರೆ ಮಾರುವವರ ಫೋಟೊದಲ್ಲಿ ಕಾಣದ ಮಡಿಕೆಗಳೂ ಎದ್ದು ಬರುತ್ತವೆ.

ಪಿಎಸ್‌ಎ, ಎಸ್‌ಜಿಸಿ ಮುಂತಾದ ಸಂಸ್ಥೆಗಳು 1ರಿಂದ 10ರವರೆಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ. ದುಬಾರಿ ಕಾರ್ಡ್ ಕವಚದಲ್ಲೇ ಇರಲಿ, ಆದರೆ ಕವಚವನ್ನೂ ನಕಲು ಮಾಡುತ್ತಾರೆ. ಅದರ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ದರ್ಜೆಯೂ ವೇದವಾಕ್ಯವಲ್ಲ. ಅತಿ ಪ್ರಸಿದ್ಧ ಹೋನಸ್ ವ್ಯಾಗ್ನರ್ ಕಾರ್ಡ್‌ಗೆ ಪಿಎಸ್‌ಎ 8 ಸಿಕ್ಕಿತ್ತು. ಅದರ ಅಂಚು ಕತ್ತರಿಸಲಾಗಿತ್ತು ಎಂದು 2013ರಲ್ಲಿ ಅದನ್ನು ಹಿಂದೊಮ್ಮೆ ಮಾರಿದ್ದವರೇ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ನಮ್ಮ ಮಟ್ಟಿಗೆ 3ರಿಂದ 5ರ ದರ್ಜೆಯೇ ಸರಿ. ಮೂಲೆ ದುಂಡಗಾಗಿದ್ದರೂ ಚಿತ್ರ ನಡುವೆ ಕೂತಿರುವ 4, ಚಿತ್ರ ಒಂದು ಬದಿಗೆ ಸರಿದಿರುವ 6ಕ್ಕಿಂತ ಕಣ್ಣಿಗೂ ಜೇಬಿಗೂ ಹಿತ.

ಇಟ್ಟುಕೊಳ್ಳುವುದು

ಕಾರ್ಡನ್ನು ಮೊದಲು ಪೆನ್ನಿ ಸ್ಲೀವ್ ಎಂಬ ಮೆತ್ತನೆಯ ಪ್ಲಾಸ್ಟಿಕ್ ಚೀಲಕ್ಕೆ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿಯಾದ ಪ್ಲಾಸ್ಟಿಕ್ ಕವಚಕ್ಕೆ ಹಾಕಿ. ಸ್ಲೀವ್ ಇಲ್ಲದೆ ನೇರ ತುರುಕಿದರೆ ಮೂಲೆ ಹೋಯಿತೆಂದೇ ಲೆಕ್ಕ. ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಪ್ಲಾಸ್ಟಿಕ್‌ನವನ್ನೇ ಕೊಳ್ಳಿ. ಕಾರ್ಡ್ ಇಡುವ ಕಿಸೆಗಳಿರುವ ಪಿವಿಸಿ ಹಾಳೆಗಳು ವರ್ಷಗಳಲ್ಲಿ ಜಿಗುಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತವೆ. 1955, 1956ರ ಕಾರ್ಡ್‌ಗಳು ಒಂಬತ್ತು ಕಿಸೆಯ ಹಾಳೆಗೆ ಹಿಡಿಸವು, ಅವಕ್ಕೆ ಎಂಟು ಕಿಸೆಯದು ಬೇಕು. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ. ಕೊಳೆಯನ್ನು ಎರೇಸರ್‌ನಿಂದ ಉಜ್ಜಬೇಡಿ, ಮೇಲಿನ ಹೊಳಪು ಕಿತ್ತುಬಂದು ಅದು ದೋಷವೆಂದೇ ದಾಖಲಾಗುತ್ತದೆ.

ಅಮೆರಿಕದಲ್ಲಿ ಕೊಂಡು ಊರಿಗೆ ತರುವವರು ತೇವದ ಬಗ್ಗೆ ಯೋಚಿಸಲೇಬೇಕು. ಶೇ 40–50ರ ಆರ್ದ್ರತೆ ಕಾರ್ಡಿಗೆ ಒಗ್ಗುತ್ತದೆ. ಮಳೆಗಾಲದ ಮಂಗಳೂರಲ್ಲಿ ಅದು ಸಿಗುವ ಮಾತಲ್ಲ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ಚಿಕ್ಕ ಆರ್ದ್ರತಾ ಮಾಪಕ ಇಡಿ. ಮಾಪಕ 55 ದಾಟಿದಾಗ ಜೆಲ್ ಬದಲಿಸಿ. ಡಬ್ಬಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇರಬಾರದು, ಗೋಡೆಯ ಥಂಡಿ ನೇರ ಒಳಕ್ಕೆ ಇಳಿಯುತ್ತದೆ.