ಜೆನೊವಾದಲ್ಲಿ ಓದುವವರಿಗೆ: ಆ ಊರಿನದೇ ಊಟ ಹುಡುಕುವ ಬಗೆ

ಇಟಲಿಯಲ್ಲಿ ಊಟ ಊರಿಂದೂರಿಗೆ ಬದಲಾಗುತ್ತದೆ. ಜೆನೊವಾದಲ್ಲಿ ಕೂತು ರೋಮ್‌ನ ಕಾರ್ಬೊನಾರಾ ಕೇಳುವುದು ಮಂಗಳೂರಲ್ಲಿ ಜೋಳದ ರೊಟ್ಟಿ ಹುಡುಕಿದ ಹಾಗೆ. ಈ ಬಂದರು ಊರಿನ ಸ್ವಂತ ತಿನಿಸು ಫರಿನಾತಾ (ಕಡಲೆ ಹಿಟ್ಟಿನ ತೆಳು ರೊಟ್ಟಿ), ಫೊಕಾಚಾ (ಎಣ್ಣೆ, ಉಪ್ಪು ಸವರಿದ ಚಪ್ಪಟೆ ಬ್ರೆಡ್), ಪೆಸ್ತೊ (ಪಾಸ್ತಾಕ್ಕೆ ಬೆರೆಸುವ ಹಸಿರು ಚಟ್ನಿ).

ಫರಿನಾತಾದಿಂದ ಶುರು ಮಾಡಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಹಳೆ ಬಂದರಿನ ಎದುರಿನ ಸೊತ್ತೊರೀಪಾ ಕಮಾನುಗಳ ಸಾಲು ಹಿಡಿದು ಹಿಂದಿನ ಇಕ್ಕಟ್ಟು ಓಣಿಗಳಿಗೆ ಹೊಕ್ಕರೆ ಸೌದೆ ಒಲೆಯ ಸಣ್ಣ ಅಂಗಡಿಗಳು ಸಿಗುತ್ತವೆ. ಊರಿನ ಹಳಬರು ಇವಕ್ಕೆ 'ಶಮಾದ್ದ' ಅನ್ನುತ್ತಾರೆ. ಕಲಾಯಿ ಹಾಕಿದ ಅಗಲವಾದ ತಾಮ್ರದ ತಟ್ಟೆ ಒಲೆಯೊಳಗೆ ಹೋಗಿ, ಮೇಲೆ ಕಂದು ಚುಕ್ಕೆ ಎದ್ದು, ಅಂಚು ಗರಿಗರಿಯಾಗಿ ಹೊರಬರುತ್ತದೆ. ಒಳಗೆ ಮಾತ್ರ ಮೆತ್ತಗೆ. ಆಗಲೇ ತಿನ್ನಬೇಕು, ಆರಿದರೆ ರಬ್ಬರಿನಂತಾಗುತ್ತದೆ. ಆದ್ದರಿಂದ 'ಕ್ವಾಂದೊ ಎಶ್ಶೆ?' (ಯಾವಾಗ ಹೊರಬರುತ್ತೆ?) ಅಂತ ಕೇಳಿ ಕಾಯಿರಿ. ಕೊಳ್ಳುವಾಗ 'ಉನ್ ಎತ್ತೊ' ಅಂದರೆ 100 ಗ್ರಾಂ. ಆರು ಭಾಷೆಯ ಮೆನು, ಊಟದ ಫೋಟೊ ನೇತುಹಾಕಿದ ಹೋಟೆಲಿನ ಕಡೆ ಹೋಗಬೇಡಿ.

ರೂಮಿನ ಓವನ್‌ನಲ್ಲೂ ಮಾಡಬಹುದು. 30 ಸೆಂಟಿಮೀಟರ್ ಅಗಲದ ತಟ್ಟೆಗೆ 100 ಗ್ರಾಂ ಹಿಟ್ಟು, 300 ಮಿಲಿ ನೀರು, ಮುಕ್ಕಾಲು ಟೀ ಚಮಚ ಉಪ್ಪು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ, ಕನಿಷ್ಠ ನಾಲ್ಕು ಗಂಟೆ ಬಿಡಿ. ಮೇಲೆ ಬಂದ ನೊರೆಯನ್ನು ಚಮಚದಿಂದ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಅದೇ ಮೊದಲು ಸೀಯುತ್ತದೆ. ಓವನ್ 250 ಡಿಗ್ರಿಗೆ ಕಾಯಲಿ. ತಟ್ಟೆಗೆ ಮೂರು ದೊಡ್ಡ ಚಮಚ ಎಣ್ಣೆ ಹಾಕಿ, ಹಿಟ್ಟನ್ನು ಕದಡಿ ಸುರಿದು, ಎಣ್ಣೆ ಬೆರೆಯುವಂತೆ ಮೆಲ್ಲಗೆ ಕೈಯಾಡಿಸಿ. ಹತ್ತು ನಿಮಿಷ ಕೆಳಗಿನ ಕಂಬಿಯ ಮೇಲೆ, ಆಮೇಲೆ ಬಣ್ಣ ಬರುವವರೆಗೆ ಮೇಲಿನದರಲ್ಲಿ. ಹಿಟ್ಟು ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್‌ಗಿಂತ ತೀರಾ ದಪ್ಪ ನಿಂತರೆ ಧೋಕ್ಲಾದ ಹಾಗೆ ಆಗುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಊರಿಂದ ತಂದ ಹುರಿಗಡಲೆ ಹಿಟ್ಟು ಬೇಡ. ಅದು ಆಗಲೇ ಹುರಿದದ್ದು, ಹೀಗೆ ಕಟ್ಟಿಕೊಳ್ಳುವುದಿಲ್ಲ.

ಫೊಕಾಚಾ ಬೆಳಗಿನ ತಿಂಡಿ. ಬೇಕರಿಯಿಂದ ಬಿಸಿ ತುಂಡು ತಂದು, ಉಪ್ಪಿನ ಬದಿ ನಾಲಿಗೆಗೆ ತಾಗುವಂತೆ ತಿರುಗಿಸಿ ಕಚ್ಚಿ. ಊರವರು ಕ್ಯಾಪುಚಿನೊದಲ್ಲೂ ಅದ್ದುತ್ತಾರೆ. ಸಸ್ಯಾಹಾರಿಗಳು 'ಚೆ ಸ್ತ್ರುತ್ತೊ?' ಅಂತ ವಿಚಾರಿಸಿಕೊಳ್ಳಿ: ಹಂದಿ ಕೊಬ್ಬು ಇದೆಯೇ ಅಂತ.

ಪೆಸ್ತೊ ಕೊಳ್ಳುವುದಕ್ಕಿಂತ ಅರೆದುಕೊಳ್ಳುವುದೇ ಒಳ್ಳೆಯದು. 1899ರಲ್ಲಿ ತೆರೆದ ಮೆರ್ಕಾತೊ ಒರಿಯೆಂತಾಲೆ ಮಾರುಕಟ್ಟೆಯಲ್ಲಿ ಬಜೀಲಿಕೊ (ತುಳಸಿಯ ಜಾತಿಯ ಬೇಸಿಲ್) ಗಿಡಗಳ ಕಟ್ಟು ಸಿಗುತ್ತದೆ. ಎಲೆ ಚಿಕ್ಕದಿರಲಿ, ಬಲಿತದ್ದಕ್ಕೆ ಪುದೀನದ ವಾಸನೆ ಹತ್ತುತ್ತದೆ. ನಾಲ್ಕು ಜನಕ್ಕೆ 60 ಗ್ರಾಂ ಎಲೆ, 30 ಗ್ರಾಂ ಪೈನ್ ಬೀಜ, ಒಂದು ಎಸಳು ಬೆಳ್ಳುಳ್ಳಿ, 50 ಗ್ರಾಂ ಪಾರ್ಮಿಜಾನೊ ಚೀಸ್, 25 ಗ್ರಾಂ ಪೆಕೊರಿನೊ (ಕುರಿ ಹಾಲಿನ ಚೀಸ್), ಸ್ವಲ್ಪ ಕಲ್ಲುಪ್ಪು, 70 ಮಿಲಿ ಎಣ್ಣೆ. ಕಲ್ಲಿನ ಒರಳಿನಲ್ಲಿ ಮೊದಲು ಬೆಳ್ಳುಳ್ಳಿ, ಆಮೇಲೆ ಉಪ್ಪಿನ ಜೊತೆ ಎಲೆ ಅರೆಯಿರಿ, ನಂತರ ಬೀಜ, ಚೀಸ್, ಕೊನೆಗೆ ಎಣ್ಣೆ. ಮಿಕ್ಸಿಯ ಬಿಸಿಗೆ ಎಲೆ ಕಪ್ಪಾಗುತ್ತದೆ. ಒರಳಿಲ್ಲದಿದ್ದರೆ ಜಾರನ್ನು ಫ್ರಿಜ್‌ನಲ್ಲಿಟ್ಟು, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಆಲೂಗಡ್ಡೆ, ಬೀನ್ಸ್, ತ್ರೋಫಿಯೆ ಎಂಬ ಸಣ್ಣ ತಿರುಚಿದ ಪಾಸ್ತಾ ಒಂದೇ ಪಾತ್ರೆಯಲ್ಲಿ ಬೇಯುತ್ತವೆ, ಗಟ್ಟಿ ಇರುವುದು ಮೊದಲು. ಪೆಸ್ತೊವನ್ನು ಒಲೆಯ ಮೇಲೆ ಇಡಲೇಬೇಡಿ, ಪಾಸ್ತಾ ಬೆಂದ ನೀರಿನಲ್ಲಿ ಸಡಿಲಿಸಿ ಬೆರೆಸಿ. ಪಾರ್ಮಿಜಾನೊಗೆ ಕರುವಿನ ಹೊಟ್ಟೆಯ ಹೆಪ್ಪು ಬೀಳುತ್ತದೆ. ಅದು ಬೇಡವಾದವರು ಪೊಟ್ಟಣದ ಮೇಲೆ 'ಕಾಲ್ಯೊ ವೆಜೆತಾಲೆ' (ಸಸ್ಯದ ಹೆಪ್ಪು) ಎಂದು ಬರೆದಿರುವ ಬೇರೆ ಚೀಸ್ ಕೊಳ್ಳಿ.