ಘಟ್ಟ ಇಳಿದು ಬೈಂದೂರಿಗೆ ಬರುವ ಶಿಕ್ಷಕರಿಗೆ

ವರ್ಗಾವಣೆಯ ಕೌನ್ಸೆಲಿಂಗ್ ಮುಗಿಯುತ್ತಿದ್ದಂತೆ ನನ್ನ ಮೊಬೈಲಿಗೆ ಗುರುತಿಲ್ಲದ ಸಂಖ್ಯೆಗಳಿಂದ ಕರೆಗಳು ಬರತೊಡಗುತ್ತವೆ. ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆಯ ಯಾರೋ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯನ್ನು ಆರಿಸಿಕೊಂಡಿರುತ್ತಾರೆ, ಇನ್ನಾರೋ ಅವರಿಗೆ ನನ್ನ ಹೆಸರು ಹೇಳಿರುತ್ತಾರೆ. ನಾನು ಜಗಳೂರಿನವಳು. ಕೆಲಸದ ಮೇಲೆ ಇಲ್ಲಿಗೆ ಬಂದು, ಇಲ್ಲಿಯೇ ಉಳಿದು, ಈ ಊರಿನ ಮಕ್ಕಳ ಮಕ್ಕಳಿಗೂ ಅಕ್ಷರ ಕಲಿಸುತ್ತಿದ್ದೇನೆ. ಫೋನಿನಲ್ಲಿ ಅವಸರವಾಗಿ ಹೇಳುವುದನ್ನು ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ಮೊದಲ ಮಾತು: ಮಳೆಗೆ ಹೆದರಿ ಬರುವುದನ್ನು ಮುಂದೂಡಬೇಡಿ. ಕರ್ತವ್ಯಕ್ಕೆ ಹಾಜರಾಗಿ, ಒಬ್ಬರೇ ಯಾವುದಾದರೂ ಲಾಡ್ಜಿನಲ್ಲಿ ದಿನ ನೂಕಿ, ದೀಪಾವಳಿ ಕಳೆದ ಮೇಲೆ ಸಂಸಾರ ಕರೆತರುತ್ತೇವೆ ಎನ್ನುವವರೇ ಹೆಚ್ಚು. ಅಷ್ಟರಲ್ಲಿ ಊರನ್ನು ಅರಿಯುವ ಅತ್ಯುತ್ತಮ ಕಾಲ ಕಳೆದುಹೋಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಂಗೊಳ್ಳಿ, ಮಲ್ಪೆಯ ಬೋಟುಗಳಲ್ಲಿ ದಿನಗಟ್ಟಲೆ ನೀರಿನ ಮೇಲೇ ಇರುವ ಅಪ್ಪಂದಿರು ಆ ಎರಡು ತಿಂಗಳು ಮನೆಯಲ್ಲಿ ಸಿಗುತ್ತಾರೆ. ಬಲೆ ಸರಿಪಡಿಸುತ್ತಾ ಜಗಲಿಯಲ್ಲಿ ಕುಳಿತಿರುತ್ತಾರೆ, ಮಾತನಾಡಲು ಬಿಡುವಿರುತ್ತದೆ. ಪೋಷಕರ ಮೊದಲ ಸಭೆಯನ್ನು ಜೂನ್ ಮುಗಿಯುವುದರೊಳಗೆ ಇಟ್ಟುಕೊಳ್ಳಿ. ಆಗಸ್ಟ್ ನಂತರ ಕರೆದರೆ ಅಜ್ಜಿಯರು ಮಾತ್ರ ಬರುತ್ತಾರೆ. ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಂದಿರಿಗೆ ಒಂದು ದಿನದ ಕೂಲಿ ಕಳೆದುಕೊಂಡು ಬನ್ನಿ ಎನ್ನಲು ನಮಗೆ ಬಾಯಿ ಬರಬಾರದು. ಅವರ ಮನೆಗೆ ಭಾನುವಾರ ನೀವೇ ಹೋಗಿ. ತಂದೆ ಬೆಂಗಳೂರಿನಲ್ಲಿ ಬೇಕರಿಯನ್ನೋ ಮುಂಬಯಿಯಲ್ಲಿ ಹೋಟೆಲನ್ನೋ ನೋಡಿಕೊಂಡಿರುವ ಮಕ್ಕಳೂ ಇರುತ್ತಾರೆ. ಅವರು ಹಬ್ಬಕ್ಕೆ ಊರಿಗೆ ಬಂದಾಗ ತಾವಾಗಿಯೇ ಶಾಲೆಗೆ ಬಂದು ಮಾತನಾಡಿಸುತ್ತಾರೆ.

ಸಾಮಾನು ತುಂಬಿದ ಲಾರಿ ಮಾತ್ರ ಮೇ ತಿಂಗಳೊಳಗೆ ಘಟ್ಟ ಇಳಿದಿರಲಿ. ಶಿವಮೊಗ್ಗ, ಹೊಸನಗರ ದಾಟಿ ಹುಲಿಕಲ್ ಘಾಟಿಯಲ್ಲಿ ಸಿದ್ದಾಪುರಕ್ಕೆ ಇಳಿದು ಕುಂದಾಪುರಕ್ಕೆ ಬರುವುದು ಒಂದು ದಾರಿ, ನಾಗೋಡಿ ಘಾಟಿಯಿಂದ ಕೊಲ್ಲೂರಿಗೆ ಇಳಿದು ನೇರ ಬೈಂದೂರಿಗೆ ಬರುವುದು ಇನ್ನೊಂದು. ಜೋರು ಮಳೆಯಲ್ಲಿ ಗುಡ್ಡ ಜರಿದರೆ ಭಾರಿ ವಾಹನಗಳನ್ನು ತಡೆಯುತ್ತಾರೆ, ಮಂಚ ಬೀರು ಘಟ್ಟದ ಮೇಲೆಯೇ ಉಳಿಯುತ್ತವೆ. ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಟಿಕೆಟ್ ಕಾಯ್ದಿರಿಸುವಾಗ ‘ಮೂಕಾಂಬಿಕಾ ರೋಡ್’ ಎಂದು ಹುಡುಕಿ. ಬೈಂದೂರಿನ ನಿಲ್ದಾಣಕ್ಕೆ ರೈಲ್ವೆಯಲ್ಲಿ ಆ ಹೆಸರು.

ಒಳಗಿನ ಊರುಗಳಿಗೆ ಹೋಗುವುದೆಲ್ಲ ಹೆಚ್ಚಾಗಿ ಖಾಸಗಿ ಬಸ್ಸುಗಳಲ್ಲಿ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ಆದ್ದರಿಂದ ತಿಂಗಳ ಬಸ್ ಖರ್ಚನ್ನು ಲೆಕ್ಕಕ್ಕೆ ಹಿಡಿದಿರಿ. ಇಲ್ಲಿನ ಜನ ಬಸ್ಸನ್ನು ಅದರ ಹೆಸರಿನಿಂದ ಗುರುತಿಸುತ್ತಾರೆ, ಸಂಖ್ಯೆಯಿಂದಲ್ಲ. ಬಂದ ಮೊದಲ ದಿನವೇ ನಿಮ್ಮ ನಿಲ್ದಾಣದ ಗೂಡಂಗಡಿಯಲ್ಲಿ ಬೆಳಗಿನ ಬಸ್ಸು ಯಾವುದು, ಸಂಜೆಯ ಕೊನೆಯ ಬಸ್ಸು ಯಾವುದು ಎಂದು ಹೆಸರಿನ ಸಮೇತ ಕೇಳಿ ಬರೆದುಕೊಳ್ಳಿ. ಕಂಡಕ್ಟರಿಗೆ ನೀವು ಟೀಚರ್ ಎಂದು ಗೊತ್ತಾದರೆ ಸಾಕು, ಮಳೆಯಲ್ಲಿ ಅರ್ಧ ನಿಮಿಷ ಕಾದು ನಿಲ್ಲುತ್ತಾನೆ.

ಬಾಡಿಗೆ ಮನೆಯನ್ನು ಹೆದ್ದಾರಿಯ ಬದಿಯಲ್ಲಿ ಹುಡುಕಬೇಡಿ, ಶಾಲೆಯ ಹತ್ತಿರವೇ ಹುಡುಕಿ. ನಮ್ಮ ಬಯಲುಸೀಮೆಯಲ್ಲಿ ಗೋಡೆಗೆ ಗೋಡೆ ಹತ್ತಿಸಿ ಮನೆ ಕಟ್ಟುತ್ತಾರೆ. ಒಂದು ಬೀದಿ ಹಿಡಿದು ನಡೆದರೆ ಊರು ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಪ್ರತಿ ಮನೆಯೂ ತನ್ನ ತೆಂಗಿನ ತೋಟದ ನಡುವೆ ಒಂಟಿಯಾಗಿರುತ್ತದೆ, ಎರಡು ಮನೆಗಳ ನಡುವೆ ಗದ್ದೆಯೋ ಹಾಡಿಯೋ ಇರುತ್ತದೆ. ಹಾಡಿ ಎಂದರೆ ಸಣ್ಣ ಕಾಡು. ವಿಳಾಸ ಕೇಳುವಾಗ ಮನುಷ್ಯರ ಹೆಸರಿನ ಜೊತೆ ಮನೆಯ ಹೆಸರನ್ನೂ ಹೇಳಬೇಕು, ಏಕೆಂದರೆ ಒಂದೇ ಹೆಸರಿನ ನಾಲ್ಕಾರು ಮಂದಿ ಇರುತ್ತಾರೆ. ಮನೆಯ ಹೆಸರೇ ದಾರಿಯನ್ನೂ ಅರ್ಧ ಹೇಳಿಬಿಡುತ್ತದೆ. ಬೈಲು ಎಂದಿದ್ದರೆ ತಗ್ಗಿನ ಗದ್ದೆಯ ಬದಿ, ಮಕ್ಕಿ ಎಂದಿದ್ದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆಯ ಬದಿ, ಕೋಡಿ ಎಂದಿದ್ದರೆ ಅಂಚಿನಲ್ಲಿ. ಬೈಲಿನಲ್ಲಿರುವ ಮನೆ ಬೇಸಿಗೆಯಲ್ಲಿ ತಂಪು, ಜುಲೈಯಲ್ಲಿ ಅಂಗಳಕ್ಕೆ ನೀರು. ಒಪ್ಪಿಕೊಳ್ಳುವ ಮೊದಲು ಬಾವಿಯ ವಿಚಾರವನ್ನು ಪಕ್ಕದ ಮನೆಯವರಲ್ಲಿ ಕೇಳಿ, ಮಾಲೀಕರಲ್ಲಿ ಅಲ್ಲ. ಜೂನಿನಲ್ಲಿ ಎಲ್ಲ ಬಾವಿಗಳ ನೀರೂ ಸಿಹಿಯೇ. ಕಡಲಿಗೂ ಹೊಳೆಯ ಅಳಿವೆಗೂ ಹತ್ತಿರದ ಬಾವಿಗಳು ಮಾರ್ಚ್ ದಾಟಿದರೆ ಉಪ್ಪಾಗುವುದುಂಟು. “ಏಪ್ರಿಲಿನಲ್ಲಿ ಈ ನೀರಿನಲ್ಲಿ ಬೇಳೆ ಬೇಯುತ್ತದೆಯೇ?” ಎಂಬ ಒಂದು ಪ್ರಶ್ನೆ ಸಾಕು.

ಮಳೆಯ ಬಗ್ಗೆ ಉತ್ಪ್ರೇಕ್ಷೆ ಮಾಡುವುದಿಲ್ಲ. ಉಡುಪಿ ಜಿಲ್ಲೆಗೆ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹತ್ತಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಬೇಗ ಒಣಗುವ ಸೀರೆ, ಚೂಡಿದಾರಗಳನ್ನು ತನ್ನಿ. ಚರ್ಮದ ಚಪ್ಪಲಿ, ಬೆಲ್ಟು, ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಅವು ತವರಿನಲ್ಲೇ ಇರಲಿ. ಸೇವಾ ಪುಸ್ತಕದ ಪ್ರತಿ, ಅಂಕಪಟ್ಟಿಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಕಾಲಿನಲ್ಲಿ ಗಾಯವಿದ್ದರೆ ಬರಿಗಾಲಿನಲ್ಲಿ ಕೆಸರಿಗೆ ಇಳಿಯಬೇಡಿ, ಇಲ್ಲಿ ಮಳೆಗಾಲದಲ್ಲಿ ಇಲಿಜ್ವರ ಬರುತ್ತದೆ. ಜ್ವರದ ಜೊತೆ ಮೈಕೈ ನೋವಿದ್ದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಮಳೆಗಾಲದ ಎಲ್ಲ ಮಾತಿಗಿಂತ ದೊಡ್ಡದು ಕಾಲುಸಂಕದ ಮಾತು. ತೋಡು, ಹಳ್ಳಗಳನ್ನು ದಾಟಲು ಅಡಿಕೆ ಮರದ ದಿಮ್ಮಿಗಳನ್ನೋ ಹಲಗೆಯನ್ನೋ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿರುತ್ತಾರೆ. ಕೆಲವು ಕಡೆ ಆ ಬಿದಿರೂ ಇರುವುದಿಲ್ಲ. ಪಾಚಿ ಕಟ್ಟಿದ ದಿಮ್ಮಿಯ ಮೇಲೆ ಕೊಡೆ ಹಿಡಿದು, ಬೆನ್ನಿಗೆ ಚೀಲ ಹೊತ್ತು ಎರಡನೆಯ ತರಗತಿಯ ಮಗು ನಡೆಯಬೇಕು. ಕೆಳಗೆ ಕೆಂಪು ನೀರು ಭೋರೆಂದು ಹರಿಯುತ್ತಿರುತ್ತದೆ, ಗಾಳಿ ಕೊಡೆಯನ್ನು ಎಳೆಯುತ್ತಿರುತ್ತದೆ. 2022ರ ಆಗಸ್ಟಿನಲ್ಲಿ ಇದೇ ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆದ್ದರಿಂದ ಶಾಲೆಗೆ ಸೇರಿದ ಮೊದಲ ವಾರವೇ ಪ್ರತಿ ಮಗುವಿನ ದಾರಿಯನ್ನು ಒಮ್ಮೆ ನಡೆದು ನೋಡಿ. ಯಾವ ಮಗು ಯಾವ ಸಂಕ ದಾಟುತ್ತದೆ, ಜೊತೆಗೆ ಯಾರಿರುತ್ತಾರೆ ಎಂದು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಮಧ್ಯಾಹ್ನ ಮಳೆ ಜೋರಾದರೆ ಆ ಮಕ್ಕಳನ್ನು ದೊಡ್ಡವರು ಬಾರದೆ ಕಳುಹಿಸಬೇಡಿ. ಜಿಲ್ಲಾಧಿಕಾರಿಗಳು ರಜೆ ಘೋಷಿಸುವುದು ಬೆಳಿಗ್ಗೆ ತಡವಾಗಿಯೂ ಆಗಬಹುದು. ಅಷ್ಟು ಹೊತ್ತಿಗೆ ದೂರದ ಮಕ್ಕಳು ಮನೆ ಬಿಟ್ಟಿರುತ್ತಾರೆ. ಶಾಲೆಯ ಬಾಗಿಲು ತೆರೆದು ಒಬ್ಬರಾದರೂ ಅಲ್ಲಿರಬೇಕು. ಸಂಕ ಮುರಿದಿದ್ದರೆ ಪಂಚಾಯಿತಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಬಾಯಿಮಾತಿಗೆ ಬೇಸಿಗೆ ಬಂದರೂ ಬೆಲೆ ಬರುವುದಿಲ್ಲ.

ಇನ್ನು ಭಾಷೆ. ಕರಾವಳಿ ಎಂದರೆ ತುಳು ಎಂದುಕೊಂಡು ಬರುತ್ತೀರಿ. ಬಾರ್ಕೂರು, ಬ್ರಹ್ಮಾವರ ದಾಟಿ ಉತ್ತರಕ್ಕೆ ಬಂದರೆ ಮನೆಮಾತು ಕುಂದಗನ್ನಡ, ಅಂದರೆ ಕುಂದಾಪುರ ಕಡೆಯ ಕನ್ನಡ. ಗಂಗೊಳ್ಳಿಯ ಮೀನುಗಾರ ಖಾರ್ವಿ ಮನೆಗಳಲ್ಲಿ ಕೊಂಕಣಿ, ಶಿರೂರಿನ ಕೆಲವು ಮನೆಗಳಲ್ಲಿ ನವಾಯತಿ. ಕುಂದಗನ್ನಡ ಮೊದಲ ದಿನ ಬೇರೆಯೇ ಭಾಷೆಯಂತೆ ಕೇಳುತ್ತದೆ, ಆದರೆ ಎರಡು ಕೀಲಿಗಳು ಸಿಕ್ಕರೆ ಬಾಗಿಲು ತೆರೆಯುತ್ತದೆ. ಒಂದು: ಹೋಗುವುದು, ಬರುವುದು, ತಿನ್ನುವುದು, ಕಾಣುವುದು ಇಲ್ಲಿ ಹ್ವಾಪುದ್, ಬಪ್ಪುದ್, ತಿಂಬುದ್, ಕಾಂಬುದ್ ಆಗುತ್ತವೆ. ಹೋಗೋಣ ಎನ್ನಲು ಹೋಪ. ಎರಡು: ‘ಬೇಕು’ ಮೊಟಕಾಗಿ ಕೊನೆಯ ‘ಕ್’ ಮಾತ್ರ ಉಳಿಯುತ್ತದೆ. ಬರಬೇಕು ಎಂದರೆ ಬರ್ಕ್, ಹೋಗಬೇಕು ಎಂದರೆ ಹೋಯ್ಕ್. “ನೀರ್ ಕುಡುಕ್ ಹೋಯ್ಕ್” ಎಂದು ಮಗು ಎದ್ದು ನಿಂತರೆ ಅದು ನೀರು ಕುಡಿದು ಬರಲು ಅಪ್ಪಣೆ ಕೇಳುತ್ತಿದೆ. ನೋಡುವುದಕ್ಕೆ ಇಲ್ಲಿ ಕಾಣುವುದು ಎಂದೇ ಹೇಳುತ್ತಾರೆ: ನೋಡಿ ಎಂಬುದಕ್ಕೆ ಕಾಣಿ, ನೋಡೋಣ ಎಂಬುದಕ್ಕೆ ಕಾಂಬ. ಸ್ನಾನ ಮಾಡುವುದಕ್ಕೆ ಮೀವುದು. ಹುಡುಗ ಹೈದ, ತಾಯಿ ಅಬ್ಬಿ. ದಾರಿಯಲ್ಲಿ ಯಾರಾದರೂ “ಹ್ವಾಯ್” ಎಂದು ಕೂಗಿದರೆ ಮುಖ ಗಂಟಿಕ್ಕಬೇಡಿ, ಅದು ಗೌರವದ ಕರೆಯೇ.

ಕೇಳಿ ಅರ್ಥಮಾಡಿಕೊಳ್ಳಲು ಕಲಿಯಿರಿ; ಅವರಂತೆಯೇ ಮಾತನಾಡಲು ಅವಸರ ಬೇಡ. ತರಗತಿಯಲ್ಲಿ ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಒಂದನೆಯ ತರಗತಿಯ ಮಗು ಹಿಂದಿನ ಸಾಲಿನಿಂದ “ಕಾಂತಿಲ್ಲೆ ಟೀಚರೇ” ಎಂದರೆ, ಕರಿಹಲಗೆಯ ಅಕ್ಷರ ಅದಕ್ಕೆ ಕಾಣಿಸುತ್ತಿಲ್ಲ. ಮೊದಲು ಅಕ್ಷರವನ್ನು ದೊಡ್ಡದಾಗಿ ಬರೆಯಿರಿ. “ಹಾಗಲ್ಲ, ಕಾಣುವುದಿಲ್ಲ ಎನ್ನು” ಎಂದು ತಿದ್ದಲು ಹೊರಟರೆ ಆ ಮಗು ಮುಂದಿನ ಸಲ ಬಾಯಿಯನ್ನೇ ತೆರೆಯುವುದಿಲ್ಲ, ಕಾಣದ ಅಕ್ಷರ ಕಾಣದೆಯೇ ಉಳಿಯುತ್ತದೆ. ಮೂರನೆಯ ತರಗತಿಯ ಹೊತ್ತಿಗೆ ನಾನು ಹಲಗೆಯ ಮೇಲೆ ಎರಡು ಕಂಬಸಾಲು ಮಾಡುತ್ತೇನೆ. ಒಂದರಲ್ಲಿ ಮನೆಯ ಮಾತು, ಇನ್ನೊಂದರಲ್ಲಿ ಪುಸ್ತಕದ ಮಾತು. ಮಕ್ಕಳೇ ಬಂದು ತುಂಬಬೇಕು. ಮನೆಯ ಕಂಬಸಾಲು ತುಂಬುವಾಗ ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ಪರೀಕ್ಷೆಯಲ್ಲಿ ಪುಸ್ತಕದ ಮಾತು ಬರೆಯುವುದನ್ನು ಈ ದಾರಿಯಲ್ಲಿ ಅವರು ಬೇಗ ಕಲಿಯುತ್ತಾರೆ. ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತಾರೆ. ಅದರ ಆಸುಪಾಸಿನ ಒಂದು ಶಾಲಾದಿನ ಅಜ್ಜಿಯೊಬ್ಬರನ್ನು ಕರೆಸಿ ಕಥೆ ಹೇಳಿಸಿ.

ಮೀನಿನ ವಿಚಾರ. ನಾನು ಮೀನು ತಿನ್ನುವವಳಲ್ಲ, ಆದರೆ ಇಲ್ಲಿ ಬದುಕಲು ಅದೇನೂ ಅಡ್ಡಿಯಲ್ಲ. ವಾಸನೆಗೆ ಮೂಗು ಮುಚ್ಚಿಕೊಳ್ಳಬೇಡಿ, ಆ ಬುಟ್ಟಿಯಿಂದಲೇ ನಿಮ್ಮ ತರಗತಿಯ ಅರ್ಧ ಮಕ್ಕಳ ಪುಸ್ತಕ ಬರುತ್ತದೆ. ತಿನ್ನುವವರು ಬಾಗಿಲಿಗೆ ಬರುವ ಮೀನುಗಾರ ಅಕ್ಕನಿಂದಲೇ ಕೊಳ್ಳಿ. ಬಂಗುಡೆಯನ್ನು ತೂಕದ ಬದಲು ಎಣಿಸಿ ಕೊಡುತ್ತಾರೆ, “ನೂರು ರೂಪಾಯಿಗೆ ಎಷ್ಟು?” ಎಂದು ಕೇಳಬೇಕು. ಕಿವಿರು ಕೆಂಪಾಗಿ, ಕಣ್ಣು ಹೊಳೆಯುತ್ತಿದ್ದು, ಬೆರಳಿನಿಂದ ಒತ್ತಿದರೆ ಗುಳಿ ಬೀಳದಿದ್ದರೆ ತಾಜಾ.

ಊಟದಲ್ಲಿ ರೊಟ್ಟಿ, ಮುದ್ದೆ ಬಿಟ್ಟು ಬರುವುದು ಕಷ್ಟ. ಜೋಳದ ಹಿಟ್ಟನ್ನು ಮಳೆಗಾಲಕ್ಕೆಂದು ಹೆಚ್ಚು ತರಬೇಡಿ, ಹುಳ ಬೀಳುತ್ತದೆ. ಕುಚ್ಚಲಕ್ಕಿ ಗಂಜಿಗೆ ನಾಲಿಗೆ ಹೊಂದಿಸಿಕೊಳ್ಳಿ. ಅಕ್ಕಿ ತೊಳೆದು ಧಾರಾಳವಾಗಿ ನೀರಿಟ್ಟು, ಕಾಳು ಒಡೆದು ಮೆತ್ತಗಾಗುವವರೆಗೆ ಬೇಯಿಸಿ. ಬಿಳಿ ಅಕ್ಕಿಗಿಂತ ಬಹಳ ಹೊತ್ತು ಹಿಡಿಯುತ್ತದೆ, ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ಒಲೆಗಿಡಿ. ಉಪ್ಪು, ಮಿಡಿ ಮಾವಿನಕಾಯಿ, ಸುಟ್ಟ ಹಪ್ಪಳ ಇದ್ದರೆ ಮಳೆಯ ದಿನಕ್ಕೆ ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ದೀಪಾವಳಿ ಕಳೆದರೆ ಊರಿನ ರಾತ್ರಿಗಳು ಬದಲಾಗುತ್ತವೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ; ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟ ಯಾವುದಾದರೂ ಮನೆಯ ಮುಂದಿನ ಗದ್ದೆಯಲ್ಲಿ ಇದ್ದೇ ಇರುತ್ತದೆ. ಇಲ್ಲಿ ‘ಆಟ’ ಎಂದರೆ ಯಕ್ಷಗಾನ. ಕರೆಯೋಲೆ ಕೊಟ್ಟರೆ ತಪ್ಪದೆ ಹೋಗಿ, ಊಟ ಮಾಡಿ, ಸಾಧ್ಯವಾದಷ್ಟು ಹೊತ್ತು ಕುಳಿತಿರಿ. ಮರುದಿನ ಅರ್ಧ ತರಗತಿ ತೂಕಡಿಸುತ್ತದೆ. ಆ ದಿನ ಕಿರುಪರೀಕ್ಷೆ ಇಡಬೇಡಿ, ರಾತ್ರಿ ಕಂಡ ಪ್ರಸಂಗವನ್ನು ಬರೆಯಲು ಹೇಳಿ. ಪುರಾಣದ ಹೆಸರುಗಳನ್ನು ಮಕ್ಕಳು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಕೋಟೇಶ್ವರದ ಕೊಡಿ ಹಬ್ಬದ, ಅಂದರೆ ಅಲ್ಲಿನ ದೇವಸ್ಥಾನದ ತೇರಿನ ದಿನ ಹಾಜರಿ ಕಡಿಮೆಯಾಗುವುದೂ ಸಹಜ.

ಕಡಲು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ನೆಂಟರು ಬಂದಾಗ ಕರೆದೊಯ್ಯಿರಿ. ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. ಈಜು ಬಲ್ಲ ಸ್ಥಳೀಯರೇ ಇಳಿಯುವುದಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಹಂಚಿನ ಮನೆಯವರು ಒಂದು ಕೆಲಸಕ್ಕೆ ಏರ್ಪಾಡು ಮಾಡಿಯೇ ಹೊರಡಬೇಕು: ಹಂಚು ಕೈಯಾಡಿಸುವುದು. ಮಂಗ ಹಾರಿ, ತೆಂಗಿನ ಗರಿ ಬಿದ್ದು ಸರಿದ, ಒಡೆದ ಹಂಚುಗಳನ್ನು ಮಳೆಗೆ ಮುಂಚೆ ತೆಗೆದು ಕೂರಿಸುತ್ತಾರೆ. ಮೇ ತಿಂಗಳಲ್ಲಿ ಆ ಕೆಲಸದವರಿಗೆ ಊರೆಲ್ಲ ಬೇಡಿಕೆ. ಏಪ್ರಿಲ್ ಮೊದಲ ವಾರವೇ ಹೇಳಿಟ್ಟು, ನಾಲ್ಕು ಹೊಸ ಹಂಚು ತರಿಸಿಟ್ಟು, ಕೀಲಿಯನ್ನು ಪಕ್ಕದ ಮನೆಯ ಅಮ್ಮನ ಕೈಗೆ ಕೊಟ್ಟು ಹೋಗಿ.